ಖಾರವಿಲ್ಲದ ಬದನೆಕಾಯಿ

ಬದನೆಕಾಯಿ ಬೇಯುವ ಪಾತ್ರೆಯಿಂದ ಚಕ್ಕೆಯ ವಾಸನೆ ಬಂದರೆ ಇಂದಿಗೂ ನನಗೆ ಹಸಿವೂ ಸಿಟ್ಟೂ ಒಟ್ಟಿಗೇ ಏಳುತ್ತವೆ. ಗಾವಡಗೆರೆಯ ನಮ್ಮ ಮನೆ ಈಗಿಲ್ಲ, ಅದರ ಒಲೆಯ ಮುಂದೆ ಕೂತವರೂ ಇಲ್ಲ. ಆ ವಾಸನೆ ಸಿಕ್ಕಿದರೆ ಮಾತ್ರ ನಾನು ಮತ್ತೆ ಆರೇಳು ವರ್ಷದವಳಾಗಿ, ಚಿಕ್ಕವ್ವನ ಸೆರಗು ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿರುತ್ತೇನೆ. ಚಿಕ್ಕಪ್ಪ ದೊಡ್ಡ ಯುದ್ಧದ ಕಾಲದಲ್ಲಿ ಅರಸರ ಕುದುರೆಪಡೆಯ ಜೊತೆ ಲಾಯದ ಆಳಾಗಿ ಈಜಿಪ್ಟ್ ದೇಶಕ್ಕೆ ಹೋಗಿದ್ದ. ಆಗ ಅವನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನು ಹೋದಾಗಿನಿಂದ ಚಿಕ್ಕವ್ವ ಪ್ರತಿ ಸೋಮವಾರ ಒಪ್ಪೊತ್ತು ಉಣ್ಣುತ್ತಿದ್ದಳು, ತವರಿನವರು ಕರೆದರೂ ಹೋಗಲಿಲ್ಲ. ನನ್ನ ತಲೆ ಬಾಚುತ್ತಾ, “ಅವ್ರು ಬರ್ಲಿ ಕಣವ್ವ, ನಿಂಗೆ ಆಡ್ಸಕ್ಕೆ ಒಂದು ಕೂಸು ಬತ್ತದೆ,” ಅನ್ನುತ್ತಿದ್ದಳು. ಅವಳಷ್ಟೇ ಆಸೆಯಿಂದ ನಾನೂ ಆ ಕೂಸಿಗೆ ಕಾದಿದ್ದೆ.

ಯುದ್ಧ ಮುಗಿದು ಅವನು ಬಂದ ಮೇಲಿನ ಮೊದಲ ಯುಗಾದಿ. ಮಾರನೆಯ ದಿನ ವರ್ಷದ ತೊಡಕು; ಊರವರು ಸೇರಿ ಕುರಿ ಕಡಿದು, ಗುಡ್ಡೆ ಹಾಕಿ ಹಂಚಿಕೊಂಡ ಮಾಂಸ ಮನೆಮನೆಗೂ ಬಂದಿತ್ತು. “ಇವತ್ತು ಯಾರೂ ಒಲೆ ತಾವ ಬರ್ಬ್ಯಾಡಿ, ಆ ದೇಸದ ಊಟ ನಾನು ಮಾಡ್ತೀನಿ,” ಎಂದ ಚಿಕ್ಕಪ್ಪ. ಒಂದು ಚೊಂಬು ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದಿದ್ದ ಗಂಡಸು! ನಾವೆಲ್ಲ ನಕ್ಕೆವು. ನಮ್ಮಲ್ಲಿ ಬದನೆಕಾಯಿಗೆ ನಾಲ್ಕು ಸೀಳು ಹಾಕಿ ಮಸಾಲೆ ತುಂಬುತ್ತಾರೆ. ಅವನು ತೊಟ್ಟಿನ ಕಡೆ ಕೊಯ್ದು, ಚಾಕುವಿನ ತುದಿಯಿಂದ ಒಳಗಿನ ತಿರುಳನ್ನೆಲ್ಲ ಬಗೆದ. ಒಂದರ ಸಿಪ್ಪೆಯೂ ಹರಿಯಲಿಲ್ಲ. ಕೈಮ, ಅಕ್ಕಿ, ಪುದೀನ, ಚಕ್ಕೆಪುಡಿ ಕಲಸಿದ. ನಮ್ಮ ನಾಲಗೆಗೆಂದು ಖಾರದ ಪುಡಿ ಸುರಿಯುವ ಮೊದಲು ಒಂದು ಹಿಡಿ ತೆಗೆದಿಟ್ಟು, ಎರಡು ಎಳೆಕಾಯಿಗೆ ತುಂಬಿ, ಗುರುತಿಗೆ ದಾರ ಸುತ್ತಿದ. “ಯಾರು ಹೇಳ್ಕೊಟ್ರು?” ಎಂದು ಚಿಕ್ಕವ್ವ ಹೆಮ್ಮೆಯಿಂದಲೇ ಕೇಳಿದಳು. “ಪಲ್ಟನ್ನಿನ ಬಟ್ಲರು,” ಎಂದ.

ಊಟಕ್ಕೆ ಕೂತಾಗ ಅವನು ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. ದಾರ ಬಿಚ್ಚಿ, ಕಾಯಿ ಮುರಿದು, ಉಫ್ ಎಂದು ಊದಿ, ಬೆರಳಲ್ಲಿ ನುಣ್ಣಗೆ ನುರಿದು, ಗೋಲಿಯಷ್ಟು ಉಂಡೆ ಮಾಡಿ ಬಾಯಿಗಿಟ್ಟ. ತುಟಿಯಂಚಿಗೆ ಅಂಟಿದ್ದನ್ನು ಕಿರುಬೆರಳಲ್ಲಿ ಒರೆಸಿದ. ನಮ್ಮ ಕಡೆ ಹಾಲು ಬಿಟ್ಟ ಮಕ್ಕಳು ದೊಡ್ಡವರ ಸಾರನ್ನೇ ಉಣ್ಣುತ್ತವೆ, ಖಾರವೆಂದು ಅತ್ತರೆ ನೀರು ಕುಡಿಯುತ್ತವೆ. ಹಾಗೆ ಯಾರೂ ನನಗೆ ಊದಿ ತಿನ್ನಿಸಿದ್ದಿಲ್ಲ. ನಾನು ಕರಗಿಹೋದೆ. ಬಡಿಸುತ್ತಿದ್ದ ಚಿಕ್ಕವ್ವನ ಕೈಯ ಸೌಟು ಹಾಗೇ ನಿಂತಿತು.

“ಕೂಸು ಎಷ್ಟು ದೊಡ್ಡದು?” ಎಂದಳು.

ಚಿಕ್ಕಪ್ಪ ಬೆರಳಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. “ನಾ ಅಲ್ಲಿಂದ ಹೊರಡೋವಾಗ ನಡೀತಿತ್ತು.”

ಅವಳು ಎಲ್ಲರಿಗೂ ಬಡಿಸಿ ಮುಗಿಸಿದಳು, ತಾನು ಉಣ್ಣಲಿಲ್ಲ. ಅವನು ಬಂದ ಮೇಲೂ ನಡೆಸಿದ್ದ ಒಪ್ಪೊತ್ತನ್ನು ಬಿಟ್ಟು, ಮುಂದಿನ ಸೋಮವಾರ ಬೆಳಿಗ್ಗೆಯೇ ಕೂತು ಮುದ್ದೆ ಮುರಿದು ಹೊಟ್ಟೆ ತುಂಬ ಉಂಡಳು. ನಾನು ಕಾದಿದ್ದ ಕೂಸು ಆ ಮನೆಗೆ ಬರಲೇ ಇಲ್ಲ. ಅವಳಿಗಾದ ಮೋಸ ಅರ್ಥವಾಗಲು ನಾನು ದೊಡ್ಡವಳಾಗಬೇಕಾಯಿತು. ನನಗಾದದ್ದು ಮಾತ್ರ ಅವತ್ತೇ ತಿಳಿಯಿತು: ಆ ತುತ್ತು ನನ್ನದಾಗಿರಲಿಲ್ಲ. ಯಾವುದೋ ದೂರದ ಬಾಯಿಗೆ ಊದಿದ್ದನ್ನು ನಾನು ನುಂಗಿದ್ದೆ.

ಆಮೇಲೂ ಇಬ್ಬರೂ ಒಂದೇ ಸೂರಿನಡಿ ಬಾಳಿದರು. ಬೇಕಾದಷ್ಟೇ ಮಾತು, ಹೊತ್ತಿಗೆ ಸರಿಯಾಗಿ ಊಟ. ಅವನು ಸತ್ತ ಮೇಲಿನ ಪಿತೃಪಕ್ಷಕ್ಕೆ ನಾನು ಗಂಡನ ಮನೆಯಿಂದ ಬಂದಿದ್ದೆ. ಎಡೆಗೆ ಚಿಕ್ಕವ್ವ ಬದನೆಕಾಯಿ ಬಗೆಯುತ್ತಿದ್ದಳು. ಒಂದೇ ಸಲ ನೋಡಿದ್ದವಳು. ಆದರೂ ಸಿಪ್ಪೆ ಹರಿದಿರಲಿಲ್ಲ. ಎಡೆ ತೆಗೆದು ಊಟಕ್ಕೆ ಕೂತಾಗ ನನ್ನ ಕೈ ತಾನಾಗಿ ಪಾತ್ರೆಯೊಳಗೆ ತಡಕಾಡಿತು.

“ದಾರ ಹುಡುಕ್ಬ್ಯಾಡ ಕಣವ್ವ,” ಎಂದಳು. “ಎಲ್ಲದಕ್ಕೂ ಖಾರ ಹಾಕಿವ್ನಿ. ಉಣ್ಣು.”