ಮೈಲಾರಪ್ಪ ಬಿಟ್ಟ ಗಾಳಿ

ಮೈಲಾರಪ್ಪ ನಮ್ಮ ಕಾಲೇಜಿನಲ್ಲಿ ಹನ್ನೊಂದು ವರ್ಷ ‘ತಾತ್ಕಾಲಿಕ’ನಾಗಿದ್ದ. ದಿನಾ ಹಲಗೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಬಂದು ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕೂ ಮೊದಲು ಮೋಟೆಬೆನ್ನೂರಿನ ಹೆದ್ದಾರಿ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ. ಅಲ್ಲಿ ಲಾರಿಯ ಟೈರೊಂದು ಸಿಡಿದು ಬಲಗಿವಿ ಹೋಯಿತು. ಉಳಿದ ಒಂದೇ ಕಿವಿಯಲ್ಲಿ ಅವನಿಗೆ ಯಂತ್ರಗಳ ಸಂಕಟ ಕೇಳಿಸುತ್ತಿದ್ದಷ್ಟು ಎಂ.ಟೆಕ್ ಮಾಡಿದ ನನಗೆ ಎರಡು ಕಿವಿಯಲ್ಲೂ ಕೇಳಿಸುತ್ತಿರಲಿಲ್ಲ. ವಿನಯಕ್ಕೆ ಹೇಳುತ್ತಿಲ್ಲ, ವಿನಯ ನನ್ನ ಗುಣವಲ್ಲ.

೨೦೦೬ರಲ್ಲಿ ಹುಬ್ಬಳ್ಳಿಯ ಸ್ಪರ್ಧೆಗೆಂದು ನನ್ನ ವಿದ್ಯಾರ್ಥಿಗಳು ಒಂದು ರೋಬೋಟ್ ಕಟ್ಟಿದರು. ಕಾರಿನ ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪು, ಗಾಳಿ ಕೂಡಿಡಲು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಆ ಗಾಳಿಯ ಬಲದಿಂದ ಮೇಲೇಳುವ ಒಂದು ಕೈ. ಒತ್ತಡ ಅರವತ್ತಕ್ಕೆ ಮುಟ್ಟಿದರೆ ಒಂದು ಸ್ವಿಚ್ಚು ಪಂಪನ್ನು ತಾನಾಗಿ ನಿಲ್ಲಿಸುತ್ತಿತ್ತು. ಅದು ಕೈಕೊಟ್ಟರೆ ಇರಲಿ ಎಂದು ಮೈಲಾರಪ್ಪ ಹಟ ಹಿಡಿದು ಸೇಫ್ಟಿ ವಾಲ್ವನ್ನೂ ಕೂರಿಸಿದ್ದ. ಹೆಚ್ಚಾದ ಗಾಳಿ ಅದರಿಂದ ಹೊರಗೆ ಹೋಗುತ್ತಿತ್ತು. “ಸೀಟಿ ಇಲ್ಲದ ಕುಕ್ಕರ್ ಯಾರರ ಒಲಿ ಮ್ಯಾಲ ಇಡ್ತಾರೇನ್ರಿ ಸರ?” ಎಂದು ನನ್ನನ್ನೇ ಕೇಳಿದ್ದ.

ಸ್ಪರ್ಧೆಗೆ ಹೊರಡುವ ಮುಂಚೆ ಕಾಲೇಜಿನಲ್ಲಿ ಬೀಳ್ಕೊಡುಗೆ ಸಮಾರಂಭ. ಅದರ ಹಿಂದಿನ ದಿನ ತಾಲೀಮು. ನಮ್ಮ ಅಧ್ಯಕ್ಷರಾದ ಮಾಲತೇಶಪ್ಪನವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಇವರಲ್ಲಿ ಎರಡೂ ಧಾರಾಳ. ಅವರು ನೋಡುತ್ತಿದ್ದಂತೆಯೇ ಒತ್ತಡ ಅರವತ್ತಾಗಿ ಪಂಪು ನಿಂತಿತು.

“ನನ್ನ ಮುಂದ ಬಂದ್ ಬೀಳೂ ಮಷಿನ್ ಬ್ಯಾಡ. ಅಪಶಕುನ,” ಎಂದರು. ನಾನು ಸ್ವಿಚ್ಚಿನ ವೈರು ಬಿಚ್ಚಿ ಪಂಪಿಗೆ ನೇರವಾಗಿ ಕರೆಂಟು ಕೊಟ್ಟೆ. ಇನ್ನು ಪಂಪಿಗೆ ಹಿಡಿತವೇ ಇರಲಿಲ್ಲ. ಅಧ್ಯಕ್ಷರು ತೆಂಗಿನಕಾಯಿ ಒಡೆಯಲು ಬಾಗಿದರು. ಬೆನ್ನ ಹಿಂದಿದ್ದ ರೋಬೋಟಿನ ವಾಲ್ವು ಅದೇ ಹೊತ್ತಿಗೆ ‘ಪುಸ್ಸ್’ ಎಂದಿತು. ಜನ ರೋಬೋಟಿನ ಕಡೆ ನೋಡಲಿಲ್ಲ, ಅಧ್ಯಕ್ಷರ ಕಡೆ ನೋಡಿದರು.

“ಹನುಮೇಶ್, ಆ ಸಪ್ಪಳ ಬಂದ್ ಮಾಡ್ರಿ!” ಎಂದು ಅಧ್ಯಕ್ಷರು ನನ್ನ ಮೇಲೆ ರೇಗಿದರು.

ಮೈಲಾರಪ್ಪ ಅಡ್ಡ ಬಂದ. “ಸಾಹೇಬ್ರ, ಅದರ ಬಾಯಿ ಮುಚ್ಚಿದ್ರ ಹೊಟ್ಟಿ ಒಡೀತೈತ್ರಿ.”

“ನಿನ್ನ ಕಾಯಂ ಆರ್ಡರ್ ನನ್ನ ಟೇಬಲ್ ಮ್ಯಾಲ ಐತಿ. ನಾಳೆ ಕಾರ್ಯಕ್ರಮ ಮುಗದ ಮ್ಯಾಲ ಸಹಿ ಮಾಡಾಂವ ಅದೇನಿ. ನಿನ್ನ ಬಾಯಿನೂ ಮುಚ್ಚು.”

ಅವನು ಮನೆಗೆ ಹೋದ ಮೇಲೆ ವಾಲ್ವಿನ ಬಾಯಿಗೆ, ಒಣಗಿದರೆ ಕಲ್ಲಾಗುವ ಎಂಸೀಲ್ ಅಂಟು ಮೆತ್ತಿದವನು ನಾನು. ಗಾಳಿ ಬಂದಾಗ ತೂರಿಕೊಳ್ಳುವುದನ್ನು ನಾನು ಎಂ.ಟೆಕ್‌ಗಿಂತ ಮೊದಲೇ ಕಲಿತಿದ್ದೆ.

ಮರುದಿನ ರೋಬೋಟು ಹಾವೇರಿಯಿಂದ ತರಿಸಿದ ಏಲಕ್ಕಿ ಹಾರವನ್ನು ಅಧ್ಯಕ್ಷರ ಕೊರಳಿಗೆ ಹಾಕಬೇಕಿತ್ತು. ರೋಬೋಟನ್ನು ಅವರೆದುರಿಗೇ ನಿಲ್ಲಿಸಿದೆವು, ಪಂಪು ಶುರುವಾಯಿತು. ಆದರೆ ಅಧ್ಯಕ್ಷರು “ಮೊದಲು ಎರಡು ಮಾತು” ಎಂದು ಮೈಕು ಹಿಡಿದರು. ನಮ್ಮ ಕಡೆ ಎರಡು ಮಾತೆಂದರೆ ಮುಕ್ಕಾಲು ತಾಸು. ಒತ್ತಡ ತೋರಿಸುವ ಮುಳ್ಳು ಅರವತ್ತು ದಾಟಿತು, ತೊಂಬತ್ತಾಯಿತು. ರೋಬೋಟಿನ ಪಕ್ಕದಲ್ಲೇ ನಿಂತಿದ್ದ ವಿದ್ಯಾರ್ಥಿನಿ ಸುಚಿತ್ರಾ ‘ಆಫ್ ಮಾಡಲೇ?’ ಎಂದು ಕಣ್ಣಲ್ಲೇ ಕೇಳಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೊನೆಯ ಸಾಲಿನಲ್ಲಿದ್ದ ಮೈಲಾರಪ್ಪ ಎಡಗಿವಿ ಇತ್ತ ತಿರುಗಿಸಿದ. ಪಂಪಿನ ದನಿ ಭಾರವಾಗಿತ್ತು, ಬಾಟಲಿ ಉಬ್ಬಿತ್ತು. ಅವನು ವೇದಿಕೆಗೆ ಓಡಿಬಂದು ಸುಚಿತ್ರಾಳನ್ನು ಹಿಂದಕ್ಕೆ ತಳ್ಳಿ ಬ್ಯಾಟರಿಯ ವೈರು ಕಿತ್ತ.

“ಈ ಸಂಸ್ಥೆಗೆ ನಾನು ಕೊಟ್ಟಿದ್ದು ಏನಪಾ ಅಂದ್ರ...” ಎನ್ನುತ್ತಿದ್ದರು ಅಧ್ಯಕ್ಷರು. ಆಗಲೇ ಮೈಲಾರಪ್ಪ ಬಾಟಲಿಯ ಕೆಳಗೆ ಗಾಳಿ ಬಿಡಲು ಇದ್ದ ನಳ ತಿರುಗಿಸಿದ. ಮೈಕು ಹತ್ತಿರವೇ ಇತ್ತು. ಎರಡು ದೊಡ್ಡ ಸ್ಪೀಕರುಗಳಲ್ಲಿ ಪುಸ್ಸ್ ಎಂಬ ಉತ್ತರ ಸಾವಕಾಶವಾಗಿ, ಬಾಟಲಿ ಪೂರ್ತಿ ಖಾಲಿಯಾಗುವವರೆಗೆ ಹೊರಟಿತು. ಸಭೆ ಬಿದ್ದು ಬಿದ್ದು ನಕ್ಕಿತು.

ಸಂಜೆ ಇಬ್ಬರಿಗೂ ಅಧ್ಯಕ್ಷರ ಕೋಣೆಗೆ ಕರೆ ಬಂತು. “ಇಡೀ ಕಾಲೇಜು ನನ್ನ ನೋಡಿ ನಕ್ಕಿತಲ್ಲೋ!”

“ನಕ್ಕಿದ್ದ ಚಲೋ ಆತ್ರಿ ಸಾಹೇಬ್ರ,” ಮೈಲಾರಪ್ಪ ಕೈಮುಗಿದ. “ಬಾಟ್ಲಿ ನಿಮ್ಮ ಎದಿ ಮುಂದ ಇತ್ತು. ಒಡದಿದ್ರ ಅಳತಿದ್ರು.”

ಅಧ್ಯಕ್ಷರು “ಇನ್ನ ಕೆಲಸಕ್ಕ ಬರಬ್ಯಾಡ” ಎಂದು ಆರ್ಡರನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಮೈಲಾರಪ್ಪ ಊರ ದಾರಿ ಹಿಡಿಯದೆ ವರ್ಕ್‌ಶಾಪಿಗೆ ಹೋದ, ನಾನೂ ಹಿಂದೆಯೇ ಹೋದೆ. ಹುಡುಗರು ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡುವವರಿದ್ದರು. ಅವನು ಕುಕ್ಕರುಗಾಲಲ್ಲಿ ಕೂತು ವಾಲ್ವಿನ ಎಂಸೀಲನ್ನು ಚಾಕುವಿನಿಂದ ಕೆರೆಯತೊಡಗಿದ.

“ಭಾಳ ಗಟ್ಟಿ ಹಚ್ಯಾರ್ರಿ ಸರ.”

“ನಾನ ಹಚ್ಚಿದ್ದು, ಮೈಲಾರಪ್ಪ.”

“ಗೊತ್ತೈತ್ರಿ,” ಎಂದ, ತಲೆ ಎತ್ತದೆ. “ನಾಳಿಂದ ನಾ ಇರೂದಿಲ್ಲ. ಇಲ್ಲಿ ಕುಂದ್ರಿ, ಇದನ್ನ ತಗಿಯೂದ ಕಲೀರಿ.”