ಇಂಗ್ಲಿಷ್ ಪದ್ಯಕ್ಕೆ ಗುರು ಲಘು

ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆವತ್ತಂತೂ ಹರಿಹರದಿಂದ ದಾವಣಗೆರೆ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ ಮೂರು ಸಲ ಸೀಟು ಬದಲಿಸಿದ್ದೆ. ಹರಿಹರದಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಪಾಠ ಮಾಡಿದ ಮೇಲೆ, ಕೆ.ಬಿ. ಬಡಾವಣೆಯ ಕಾಲೇಜೊಂದರಿಂದ ಕಾಯಂ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು. ಒಂದು ಹಳೆಯ ಇಂಗ್ಲಿಷ್ ಪದ್ಯದ ಪ್ರಾಸ, ಲಯ, ಪುನರಾವರ್ತನೆ ವಿವರಿಸಿ ಪಾಠ ಮಾಡಿ ತೋರಿಸಬೇಕು. ವರ್ಷವರ್ಷವೂ ಪಾಠ ಮಾಡಿದ ಆ ಪದ್ಯ ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ.

ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು, ಕೊನೆಯ ಪ್ರಾಸಗಳಿಗೆ ಗೆರೆ ಎಳೆದೆ. ಆಮೇಲೆ ಹಳ್ಳಿ ಶಾಲೆಯ ಕನ್ನಡ ಮೇಷ್ಟ್ರು ನಮ್ಮ ಷಟ್ಪದಿಗಳಿಗೆ ಹಾಕಿಸುತ್ತಿದ್ದಂತೆಯೇ, ದೀರ್ಘಕ್ಕೆ ಗುರು, ಹ್ರಸ್ವಕ್ಕೆ ಲಘು ಹಾಕುತ್ತಾ ಹೋದೆ.

ಸಂದರ್ಶಕರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು, “ಮೇಡಂ, ಅದನ್ನ ಒಂದ್ಸಲ ಜೋರಾಗಿ ಓದ್ರಿ, ಕೇಳಾಣ,” ಅಂದರು.

ಓದಿದೆ. ನಾಲಿಗೆ ಒತ್ತುತ್ತಿದ್ದದ್ದು ಒಂದು ಕಡೆ, ನಾನು ಗುರು ಹಾಕಿದ್ದು ಇನ್ನೊಂದು ಕಡೆ. ಇಂಗ್ಲಿಷಿನ ಲಯ ಇರುವುದು ಅಕ್ಷರದ ಉದ್ದದಲ್ಲಲ್ಲ, ದನಿಯ ಒತ್ತಿನಲ್ಲಿ. ಎರಡು ಸಲ ಬರುವ ಕೊನೆಯ ಸಾಲಿನಲ್ಲಿ, ಎರಡನೆಯ ಸಲ ನನ್ನ ದನಿ ತಾನಾಗಿ ಇಳಿಯಿತು. ಆ ಪುನರಾವರ್ತನೆಗೂ ನಾನು ಕ್ಲಾಸಿನಲ್ಲಿ ಗೈಡಿನ ಎರಡು ಮಾರ್ಕಿನ ಉತ್ತರ ಬರೆಸಿ ಕೈ ತೊಳೆದುಕೊಂಡಿದ್ದೆ. ಆರು ವರ್ಷದಲ್ಲಿ ಒಮ್ಮೆಯೂ ಆ ಪದ್ಯವನ್ನು ಗಟ್ಟಿಯಾಗಿ ಓದಿರಲಿಲ್ಲ. ನನ್ನ ಉಚ್ಚಾರಣೆ ಕೇಳಿ ಹುಡುಗರು ನಗುತ್ತಾರೆಂಬ ಅಂಜಿಕೆ!

“ಆಯ್ತು, ತಿಳಿಸ್ತೀವಿ,” ಅಂದರು. ಕೆಲಸ ಕೈತಪ್ಪಿತೆಂದು ಅಲ್ಲೇ ಗೊತ್ತಾಯಿತು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಈಗ ಅವಳೂ ಟೀಚರ್.

“ಬರ್ರಿ ಮೇಡಂ, ಕೂಡ್ರಿ,” ಎಂದು ಜಾಗ ಬಿಟ್ಟಳು. “ನೀವು ಹೇಳ್ಕೊಟ್ಟಂಗೆ ನಾನೂ ಮಕ್ಳ ಕೈಲಿ ಇಂಗ್ಲಿಷ್ ಪದ್ಯಕ್ಕೆ ಗುರು ಲಘು ಹಾಕಿಸ್ತೀನ್ರಿ. ನಮ್ ಸ್ಕೂಲಾಗೆ ಬ್ಯಾರೆ ಯಾರಿಗೂ ಬರಲ್ಲ ಅದು!”

ಮುಖದ ತುಂಬ ಹೆಮ್ಮೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದಿತು ಮನಸ್ಸು. ಆದರೆ ಕೆಲಸ ಕೈತಪ್ಪಿದ್ದಕ್ಕಿಂತ, ನನ್ನ ತಪ್ಪು ಅವಳ ಶಾಲೆಯ ಮಕ್ಕಳವರೆಗೂ ಹೋದದ್ದು ಹೆಚ್ಚು ಉರಿಯಿತು.

“ಅದು ತಪ್ಪಮ್ಮ,” ಅಂದೆ. ಯಾಕೆಂದು ಬಿಡಿಸಿ ಹೇಳಿದೆ.

ಅವಳು ಕಿಟಕಿಯ ಕಡೆ ತಿರುಗಿದಳು. “ಮೊನ್ನೆನೇ ಬರೆಸಿದೀನಿ ಮೇಡಂ. ಈಗ ಮಕ್ಳಿಗೆ ಹೆಂಗ್ ಹೇಳ್ಲಿ?” ಅಂದಳು.

“ನಮ್ಮ ಮೇಡಂಗೆ ಗೊತ್ತಿರ್ಲಿಲ್ಲ ಅಂತ ಹೇಳು.”

ಅವಳು ನನ್ನ ಮುಖ ನೋಡದೆಯೇ, “ಬ್ಯಾಡ್ರಿ,” ಅಂದಳು. “ನಂಗೇ ಗೊತ್ತಿರ್ಲಿಲ್ಲ ಅಂತೀನಿ.”