ಇಳಿಜಾರಿನಲ್ಲಿ ತಡೆಯುವ ಇಂಜಿನ್

ನನ್ನ ಮೈದುನನನ್ನು ಊರೆಲ್ಲ ಕೊಂಡಿ ಎಂದೇ ಕರೆಯುತ್ತದೆ. ಕಟ್ಟಡ ಕೆಲಸದವರ ಕಾಂಕ್ರೀಟ್ ಮಿಕ್ಸರ್, ಚಕ್ರದ ಮೇಲಿನ ಜನರೇಟರ್, ಕೆಟ್ಟು ನಿಂತ ಕಾರು, ಏನೇ ಇರಲಿ, ತನ್ನ ಪಿಕಪ್ಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದು ತಲುಪಿಸುವುದೇ ಅವನ ಕಸುಬು. ಯಾರೋ ತಮಾಷೆಗೆ ಇಟ್ಟ ಹೆಸರನ್ನು ಅವನು ಗಾಡಿಯ ಬಾಗಿಲ ಮೇಲೂ ಬರೆಸಿಕೊಂಡಿದ್ದಾನೆ.

ಈ ಕೆಲಸ ಮೊದಲು ನನ್ನ ಯಜಮಾನರದು. ಗುಡ್ಡದ ಮೇಲೆ ಹೊಸ ಮನೆಗಳು ಏಳತೊಡಗಿದ ಕಾಲ ಅದು. ಒಂದು ಮಧ್ಯಾಹ್ನ ಮಿಕ್ಸರ್ ಎಳೆದುಕೊಂಡು ಕೆಳಗಿಳಿಯುವಾಗ ತಿರುವಿನಲ್ಲಿ ಗಾಡಿ ಹಳ್ಳಕ್ಕೆ ಬಿತ್ತು. ಅವರು ಉಳಿಯಲಿಲ್ಲ. ಗಾಡಿ ಮೇಲೆತ್ತುವಾಗ ಮೈದುನ ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ತಾನೇ ಹಳ್ಳಕ್ಕಿಳಿದ, ತಾನೇ ಸರಪಳಿ ಬಿಗಿದ. ಮೇಲೆ ಬಂದು, "ಬ್ರೇಕ್ ಹೋಗಿತ್ತು ಅತ್ತಿಗೆ" ಎಂದ. ಬ್ರೇಕ್ ಹೋದರೆ ಯಾರಿಂದ ತಾನೇ ಏನು ಮಾಡಲಾಗುತ್ತದೆ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಎದ್ದು ಕುಳಿತೆ, ಒಲೆ ಹಚ್ಚಿದೆ.

ಕೆಲವು ತಿಂಗಳ ಮೇಲೆ ಅವನು ಕೊಂಡು ತಂದ ಪಿಕಪ್ಪಿನಲ್ಲೂ ಅಣ್ಣನ ಗಾಡಿಯಲ್ಲಿದ್ದಂಥದ್ದೇ ಇಂಜಿನ್. ಜನ ಬಾಯಿ ಬಿಟ್ಟು ನೋಡಿದರು. ಅಪಶಕುನ ಅಂತಲೂ ಅಂದರು. "ಇಂಜಿನ್ ಏನೂ ತಪ್ಪು ಮಾಡಿಲ್ಲ" ಎಂದಷ್ಟೇ ಹೇಳಿ ಅವನು ಕೆಲಸಕ್ಕೆ ಹೊರಟ. ಆಗ ಅವನ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ನಮ್ಮದು ಒಂದೇ ಅಂಗಳ, ಒಂದೇ ಅಡುಗೆಮನೆ. ಆ ಮಗು ನನ್ನ ತೊಡೆಯ ಮೇಲೆ ಬೆಳೆಯಿತು, ಗಾಡಿಯ ಸೀಟಿನ ಮೇಲೆ ದೊಡ್ಡದಾಯಿತು.

ಬೇರೆಯವರು ಗಾಡಿ ಕೊಳ್ಳುವಾಗ ಎಷ್ಟು ಎಳೆಯುತ್ತದೆ ಎಂದು ಕೇಳುತ್ತಾರೆ. ಇವನು ಎಷ್ಟು ತಡೆಯುತ್ತದೆ ಎಂದು ಕೇಳುತ್ತಿದ್ದ. ಯಾರದೇ ಹೊಸ ಪಿಕಪ್ ಬರಲಿ, ಹಿಂದೆ ಭಾರ ಸಿಕ್ಕಿಸಿ ಗುಡ್ಡ ಹತ್ತಿಸಿ, ಇಳಿಯುವಾಗ ಸಣ್ಣ ಗೇರಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದು ನೋಡುತ್ತಿದ್ದ. ಇಂಜಿನ್ ಗಾಡಿಯನ್ನು ಹಿಡಿದುಕೊಂಡರೆ ಪಾಸು, ಓಡಲು ಬಿಟ್ಟರೆ ಫೇಲು. ನಗುವವರು ನಕ್ಕರು.

ಹೋದ ವರ್ಷ ಅವನ ಎಡ ಮೊಣಕಾಲು ಕೈಕೊಟ್ಟಿತು. ಕ್ಲಚ್ ಒತ್ತಿದರೆ ಜೀವ ಹೋಗುವ ನೋವು. "ಇನ್ನು ನಾನೇ ಓಡಿಸ್ತೀನಿ" ಎಂದಳು ಮಗಳು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಸರಿ ಎನ್ನಲು ಮನಸ್ಸು ಬರಲಿಲ್ಲ. ಅದೇ ಗುಡ್ಡ, ಅದೇ ತಿರುವು. ಅವಳನ್ನು ಯಾವ ಗಾಡಿಯಲ್ಲಿ ಕೂರಿಸಿದರೆ ಸುರಕ್ಷಿತವಾಗಿ ಮನೆಗೆ ಬರುತ್ತಾಳೆ ಎಂಬುದೊಂದೇ ಅವನ ಚಿಂತೆಯಾಯಿತು.

ಗಾಡಿ ದಲ್ಲಾಳಿಗೆ ಸುದ್ದಿ ಮುಟ್ಟಿತು. ಹಳೆಯದನ್ನು ಕೊಟ್ಟು ಬದಲಿಗೆ ತೆಗೆದುಕೊಳ್ಳಿ ಎಂದು ಮಿರಮಿರ ಮಿಂಚುವ ಪಿಕಪ್ಪನ್ನು ಅಂಗಳಕ್ಕೇ ತಂದು ನಿಲ್ಲಿಸಿದ.

"ಕೊಂಡಿಯಣ್ಣ, ನಿಂದು ಇಂಜಿನ್ ಅಲ್ಲ, ಮುದುಕರ ಕೆಮ್ಮು. ಇದು ನೋಡು, ಟರ್ಬೋ! ಅರ್ಧ ಗಾತ್ರ, ಎರಡರಷ್ಟು ಶಕ್ತಿ. ಸದ್ದೇ ಇಲ್ಲ!"

"ಸದ್ದಿಲ್ಲದಿರೋದು ಅಷ್ಟು ಒಳ್ಳೇದಾದ್ರೆ ನೀನ್ಯಾಕಪ್ಪ ಇಷ್ಟು ಮಾತಾಡ್ತೀಯ?" ಎಂದ ಮೈದುನ.

ಮಗಳು ಕಿಸಕ್ಕನೆ ನಕ್ಕಳು. ಆದರೆ ಅವಳ ಕಣ್ಣು ಹೊಸ ಗಾಡಿಯ ಮೇಲೇ ಇತ್ತು.

ಎರಡಕ್ಕೂ ಒಂದೇ ಮಿಕ್ಸರ್ ಸಿಕ್ಕಿಸಿ ನೋಡುವುದೆಂದಾಯಿತು. "ನೀವೂ ಬನ್ನಿ ಅತ್ತಿಗೆ, ನಿಮ್ಮ ಕಿವಿಗೆ ಹೇಗೆ ಕೇಳುತ್ತೋ ನೋಡೋಣ" ಎಂದು ಮೈದುನ ನನ್ನನ್ನೂ ಹತ್ತಿಸಿದ. ಮಗಳು ಸ್ಟೇರಿಂಗ್ ಹಿಡಿದಳು, ಅವನು ಮಧ್ಯ, ನಾನು ಕಿಟಕಿಯ ಪಕ್ಕ. ಹೊಸದು ಗುಡ್ಡವನ್ನು ಹತ್ತಿದ್ದೇ ಗೊತ್ತಾಗಲಿಲ್ಲ. ಇಳಿಯುವಾಗ ಸಣ್ಣ ಗೇರಿನಲ್ಲಿದ್ದರೂ ಮಿಕ್ಸರ್ ಹಿಂದಿನಿಂದ ನೂಕುತ್ತಲೇ ಇತ್ತು. ಅವಳು ಮತ್ತೆ ಮತ್ತೆ ಬ್ರೇಕ್ ಒತ್ತಿದಳು. ಕೆಳಗೆ ನಿಂತಾಗ ಚಕ್ರಗಳಿಂದ ಸುಟ್ಟ ವಾಸನೆ ಬಂತು.

"ಮೊದಮೊದಲು ಹಂಗೇ, ಆಮೇಲೆ ಸರಿ ಹೋಗುತ್ತೆ" ಎಂದ ದಲ್ಲಾಳಿ. ಅವನನ್ನು ಅಲ್ಲೇ ಬಿಟ್ಟು ನಾವು ಹಳೆಯದನ್ನು ಹತ್ತಿದೆವು.

ಅದು ಏದುಸಿರು ಬಿಡುತ್ತ, ಹೊಗೆ ಕಾರುತ್ತ ಮೇಲೆ ಬರುವಷ್ಟರಲ್ಲಿ ಹಿಂದಿನ ವಾಹನಗಳೆಲ್ಲ ಹಾರ್ನ್ ಹೊಡೆದು ಬೈದು ಮುಂದೆ ಹೋದವು. ತುದಿಯಲ್ಲಿ ಮಗಳು ಗಾಡಿ ಬದಿಗೆ ನಿಲ್ಲಿಸಿದಳು.

"ಅಪ್ಪ, ಇದರಲ್ಲಿ ದಿನಕ್ಕೆ ಎರಡು ಸಲ ಬಂದ್ರೆ ನನಗೂ ನಿನ್ನಷ್ಟೇ ವಯಸ್ಸಾಗುತ್ತೆ. ಹೊಸದೇ ಇರಲಿ."

"ಇಳಿಯುವಾಗ ನೋಡು ಮಗಳೇ. ಇದು ದೊಡ್ಡ ಇಂಜಿನ್, ಭಾರ ನೂಕಿದ್ರೂ ಬಿಡಲ್ಲ, ಹಿಡ್ಕೊಳ್ಳುತ್ತೆ."

"ದೊಡ್ಡಪ್ಪನ ಗಾಡೀಲೂ ಇದೇ ಇಂಜಿನ್ ಇತ್ತಲ್ವಾ? ಬ್ರೇಕ್ ಹೋದಾಗ ಅದ್ಯಾಕೆ ಹಿಡ್ಕೊಳ್ಳಲಿಲ್ಲ?"

ಅವಳು ಕೊಂಕಿಗೆ ಕೇಳಿದ್ದಲ್ಲ, ಲೆಕ್ಕ ತಾಳೆಯಾಗದೆ ಕೇಳಿದ್ದು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಮೈದುನ ನನ್ನ ಕಡೆ ಒಮ್ಮೆ ತಿರುಗಿದ, ಮತ್ತೆ ಮುಂದಿನ ಇಳಿಜಾರನ್ನು ನೋಡಿದ. ಅವನ ಮೊಣಕಾಲಿನ ಪಕ್ಕದಲ್ಲೇ ಗೇರಿನ ಹಿಡಿ ನಡುಗುತ್ತಿತ್ತು.

"ಅತ್ತಿಗೆ, ನೀವು ಸ್ವಲ್ಪ ಕೆಳಗಿಳಿದು ಗಾಳಿಗೆ ನಿಲ್ತೀರಾ?"

"ನನಗೇನೂ ಸೆಕೆಯಾಗ್ತಿಲ್ಲ. ಹೇಳು" ಎಂದೆ.

ಅವನು ಮಗಳಿಗೇ ಹೇಳಿದ. "ಬ್ರೇಕ್ ಹೋಗಿದ್ದು ಸುಳ್ಳಲ್ಲ. ಆದ್ರೆ ನಾನು ಹಳ್ಳಕ್ಕಿಳಿದಾಗ ಗೇರು ನ್ಯೂಟ್ರಲ್‌ನಲ್ಲಿತ್ತು. ಇಂಜಿನ್ನಿಗೂ ಚಕ್ರಕ್ಕೂ ಸಂಬಂಧಾನೇ ಇರಲಿಲ್ಲ. ಅಷ್ಟು ಭಾರಾನೂ ಬ್ರೇಕ್ ಒಂದರ ಮೇಲೇ. ಅದು ಕಾದು ಕಾದು ಕೈಬಿಡ್ತು."

"ಬಿದ್ದ ಹೊಡೆತಕ್ಕೆ ಗೇರು ಜಾರಿರಬಹುದಲ್ಲಪ್ಪ?"

"ನಾನೂ ಹಾಗೇ ಅಂದ್ಕೊಳ್ಳೋಕೆ ನೋಡಿದೆ" ಎಂದ.

ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ನನ್ನ ಯಜಮಾನರ ಹೆಸರು ಅರ್ಧವಾದರೂ ಉಳಿಯುತ್ತಿತ್ತು. ಹುಡುಗಿ ಅದನ್ನೇ ನಂಬಿಕೊಂಡು ಇಳಿಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವರ ಜೊತೆ ಈ ರಸ್ತೆಯಲ್ಲಿ ನಾನು ಎಷ್ಟೋ ಸಲ ಕೂತು ಬಂದಿದ್ದೆ. ತುದಿ ದಾಟಿದ ಕೂಡಲೇ ಇಂಜಿನ್ನಿನ ಆರ್ಭಟ ತಗ್ಗಿ ಗಾಳಿಯ ಸದ್ದು, ಹಕ್ಕಿಯ ಸದ್ದು ಕೇಳುತ್ತಿತ್ತು. ಡೀಸೆಲ್ ಉಳೀತು ನೋಡು ಎಂದು ಅವರು ನಗುತ್ತಿದ್ದರು. ಅದೇನೆಂದು ನನಗೆ ಆಗ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

"ಜಾರಿದ್ದಲ್ಲ ಕಣೇ" ಎಂದೆ. "ನಿಮ್ಮ ದೊಡ್ಡಪ್ಪ ಇಳಿಯುವಾಗೆಲ್ಲ ಗೇರು ನ್ಯೂಟ್ರಲ್‌ಗೆ ಹಾಕ್ತಿದ್ರು. ನಾನು ಪಕ್ಕದಲ್ಲೇ ಕೂತಿರ್ತಿದ್ದೆ."

ಮೈದುನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇಷ್ಟು ವರ್ಷ ಅದನ್ನು ಒಬ್ಬನೇ ಹೊತ್ತಿದ್ದ, ನನ್ನ ಮುಂದೆ ಅಣ್ಣ ಸಣ್ಣವನಾಗಬಾರದೆಂದು. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಸಿಟ್ಟು ಬಂದಿತ್ತೇ ಎಂದು ಕೇಳಿದರೆ, ಬಂದಿತ್ತು. ಮೈದುನನ ಮೇಲಲ್ಲ. ನಾಲ್ಕು ಕಾಸಿನ ಡೀಸೆಲ್ ಉಳಿಯಿತೆಂದು ನಗುತ್ತಿದ್ದ ಯಜಮಾನರ ಮೇಲೆ.

ಮಗಳು ಎರಡನೇ ಗೇರಿಗೆ ಹಾಕಿ ಗಾಡಿಯನ್ನು ಇಳಿಜಾರಿಗೆ ಬಿಟ್ಟಳು. ಇಂಜಿನ್ ಕೂಗಿತು. ಮಿಕ್ಸರ್ ನೂಕಿದಷ್ಟೂ ಇನ್ನೂ ಜೋರಾಗಿ ಕೂಗಿತು, ಆದರೆ ಗಾಡಿ ನಡಿಗೆಯ ವೇಗ ಮೀರಲಿಲ್ಲ. ತಿರುವಿನ ಹತ್ತಿರ ಮಾತ್ರ ಒಮ್ಮೆ ಬ್ರೇಕ್ ಮುಟ್ಟಿದಳು. ಕೆಳಗೆ ಕಾಯುತ್ತಿದ್ದ ದಲ್ಲಾಳಿಗೆ ತಾನೇ ಹೋಗಿ, "ಅಣ್ಣ, ನಿಮ್ಮದು ತುಂಬ ಚೆನ್ನಾಗಿದೆ. ಗುಡ್ಡ ಇಲ್ಲದ ಊರಿನವರಿಗೆ ಮಾರಿ" ಎಂದಳು.

ವಾರ ಕಳೆದು ಅವಳು ಮೊದಲ ಸಲ ಒಬ್ಬಳೇ ಮಿಕ್ಸರ್ ತರಲು ಗುಡ್ಡ ಹತ್ತಿದಳು. ಮೈದುನ ಬೆಳಗಿನಿಂದ ಅಂಗಳದಲ್ಲಿ ಒಂದೇ ಸರಪಳಿಗೆ ಗ್ರೀಸ್ ಹಚ್ಚುತ್ತ ಕುಳಿತಿದ್ದ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಕಡೆಯಿಂದ ಸದ್ದು ಶುರುವಾಯಿತು. ಅವನ ಕೈ ನಿಂತಿತು.

"ಅತ್ತಿಗೆ, ಗೇರಲ್ಲೇ ಇದೆಯಾ?"

ನಾನು ತಿರುವು ದಾಟುವವರೆಗೂ ಕೇಳಿಸಿಕೊಂಡೆ. ಸದ್ದು ಎಲ್ಲೂ ತಗ್ಗಲಿಲ್ಲ.

"ಗೇರಲ್ಲೇ ಇದೆ."

"ಎರಡನೇದೋ, ಮೂರನೇದೋ?"

"ಬರ್ತಾಳಲ್ಲ, ಅವಳನ್ನೇ ಕೇಳು" ಎಂದೆ.